ವಾಯಿದೆ

ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತೆ. ಅಕ್ಟೋಬರಿನ ಮೊದಲ ವಾರ. ನಾನು ಎರಡು ತಿಂಗಳಿಂದ ಕಾಯುತ್ತಿದ್ದ ವರದಿ ಬಂದಿತ್ತು. ಅಮೆರಿಕದಲ್ಲಿ ಲಾ ಸ್ಕೂಲಿಗೆ ಅರ್ಜಿ ಹಾಕುವವರ ಅಂಕಪಟ್ಟಿಗಳು ನೇರವಾಗಿ ಲಾ ಸ್ಕೂಲಿಗೆ ಹೋಗುವುದಿಲ್ಲ. ಎಲ್‌ಎಸ್‌ಎಸಿ, ಅಂದರೆ ಲಾ ಸ್ಕೂಲ್ ಅಡ್ಮಿಷನ್ ಕೌನ್ಸಿಲ್ ಎಂಬ ಸಂಸ್ಥೆ ನಾವು ಓದಿದ ಪ್ರತಿ ಕಾಲೇಜಿನಿಂದಲೂ ಅವನ್ನು ತರಿಸಿಕೊಂಡು, ಎಲ್ಲ ಗ್ರೇಡುಗಳನ್ನೂ ಒಂದೇ ಅಳತೆಗೆ ತಂದು, ತನ್ನದೇ ಒಂದು ಸರಾಸರಿ ತೆಗೆದು ಕಳಿಸುತ್ತದೆ. ವರದಿಯಲ್ಲಿ ನನ್ನ ಎರಡು ಕಾಲೇಜುಗಳು ಒಂದರ ಕೆಳಗೊಂದು ಇದ್ದವು. ಮೊದಲು ನಮ್ಮೂರಿನ ಕಮ್ಯುನಿಟಿ ಕಾಲೇಜು, ಆಮೇಲೆ ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿ. ಮೊದಲ ಕಾಲೇಜಿನ ಮೊದಲ ಸೆಮಿಸ್ಟರಿನ ಎದುರು, 2018ರ ಸಾಲಿನಲ್ಲಿ, ಒಂದು ಎಫ್.

ಆ ಎಫ್ ಅಲ್ಲಿರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಂಡಾಗ ಕೈ ತಣ್ಣಗಾಯಿತು. ಅದೇ ಕೋರ್ಸನ್ನು ನಾನು ಮರುವರ್ಷ ಮತ್ತೆ ಓದಿ ಎ ತೆಗೆದುಕೊಂಡಿದ್ದೆ. ಹಾಗೆ ಮರಳಿ ಓದಿದವರ ಹಳೆಯ ಗ್ರೇಡನ್ನು ಕಮ್ಯುನಿಟಿ ಕಾಲೇಜು ಸರಾಸರಿಯಿಂದ ಕೈಬಿಡುತ್ತದೆ, ನನ್ನದನ್ನೂ ಬಿಟ್ಟಿತ್ತು. ಯೂನಿವರ್ಸಿಟಿಯ ಅಂಕಪಟ್ಟಿಯಲ್ಲಂತೂ ಅದರ ಸುಳಿವೇ ಇಲ್ಲ; ವರ್ಗಾವಣೆಯಾಗಿ ಬಂದ 60 ಯೂನಿಟ್ ಎಂಬ ಒಂದು ಮೊತ್ತ ಮಾತ್ರ. ಎಲ್‌ಎಸ್‌ಎಸಿಯ ಲೆಕ್ಕ ಬೇರೆ. ಮೊದಲ ಪದವಿ ಕೈಗೆ ಬರುವವರೆಗೆ ಎಲ್ಲೆಲ್ಲಿ ಏನೇನು ಓದಿದ್ದೇವೋ ಅದೆಲ್ಲ ಅದರೊಳಗೆ ಬರಬೇಕು. ಮರಳಿ ಓದಿದ್ದರೆ ಹಳೆಯದೂ ಹೊಸದೂ ಎರಡೂ ಲೆಕ್ಕಕ್ಕೆ. ಕಾಲೇಜು ಮನ್ನಾ ಮಾಡಿದ್ದನ್ನು ಅದು ಮನ್ನಾ ಮಾಡುವುದಿಲ್ಲ.

ಆ ರಾತ್ರಿ ಒಂದು ಹಾಳೆಯಲ್ಲಿ ಲೆಕ್ಕ ಹಾಕಿದೆ. ಕಮ್ಯುನಿಟಿ ಕಾಲೇಜಿನ 60 ಯೂನಿಟ್‌ಗೆ 231 ಪಾಯಿಂಟು, ಯೂನಿವರ್ಸಿಟಿಯ 60 ಯೂನಿಟ್‌ಗೆ 216. ಒಟ್ಟು 447. ಅದನ್ನು 120ರಿಂದ ಭಾಗಿಸಿದರೆ 3.725. ಎಫ್ ಬಿದ್ದ ಕೋರ್ಸಿಗೆ ಪಾಯಿಂಟು ಸೊನ್ನೆ, ಆದರೆ ಅದರ ಮೂರು ಯೂನಿಟ್ ಕೆಳಗೆ ಸೇರಿಕೊಳ್ಳುತ್ತದೆ. 447ನ್ನು 123ರಿಂದ ಭಾಗಿಸಿದರೆ 3.63. ಏಳು ವರ್ಷದ ಹಿಂದಿನ ಒಂದು ಸೆಮಿಸ್ಟರ್, ಅದರಲ್ಲೂ ಆರು ದಿನ, ಇಷ್ಟು ಕೆಳಗೆ ತಂದಿತ್ತು. ಲಾ ಸ್ಕೂಲುಗಳು ಎರಡನೇ ದಶಾಂಶವನ್ನೂ ನೋಡುತ್ತವೆ.

ನನ್ನ ತಮ್ಮ ಸಾಗರದಲ್ಲಿ ಅಡಿಕೆ ವ್ಯಾಪಾರ ಮಾಡುತ್ತಾನೆ. ಫೋನಿನಲ್ಲಿ ಅವನು ಯಾವಾಗಲೂ ಕೇಳುವುದು ಒಂದೇ. "ಅಕ್ಕಾ, ಇಲ್ಲಿ ಪಿಯುಸಿ ಆದೋರು ಐದು ವರ್ಷಕ್ಕೆ ಲಾಯರ್ ಆಗ್ತಾರೆ. ಡಿಗ್ರಿ ಆಗಿದ್ರೆ ಮೂರೇ ವರ್ಷ. ನೀನು ಏಳು ವರ್ಷ ಓದಿ ಈಗ ಅರ್ಜಿ ಹಾಕ್ತಾ ಇದ್ದೀಯಲ್ಲೇ?" ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಇಲ್ಲಿ ಕಾನೂನು ಓದಬೇಕಾದರೆ ಮೊದಲು ನಾಲ್ಕು ವರ್ಷದ ಯಾವುದಾದರೂ ಒಂದು ಪದವಿ ಬೇಕು. ಇಂಥದೇ ವಿಷಯ ಓದಿರಬೇಕೆಂದಿಲ್ಲ. ಆಮೇಲೆ ಎಲ್‌ಸ್ಯಾಟ್ ಎಂಬ ಪರೀಕ್ಷೆ, ಅರ್ಜಿ, ಸೀಟು ಸಿಕ್ಕರೆ ಜೆ.ಡಿ. ಎಂಬ ಮೂರು ವರ್ಷದ ಕಾನೂನು ಪದವಿ, ಕೊನೆಗೆ ಬಾರ್ ಪರೀಕ್ಷೆ. ನನ್ನ ಹತ್ತಿರ ಇದ್ದದ್ದು ಪಿಯುಸಿ ಮಾತ್ರ. ಹತ್ತೊಂಬತ್ತಕ್ಕೆ ಮದುವೆ, ಇಪ್ಪತ್ತಕ್ಕೆ ಕ್ಯಾಲಿಫೋರ್ನಿಯಾ, ಎರಡು ಮಕ್ಕಳು, ಗ್ರೀನ್ ಕಾರ್ಡ್ ಬಂದ ಮೇಲೆ ಒಂದು ಪ್ರೀಸ್ಕೂಲಿನಲ್ಲಿ ಕೆಲಸ. ಮೂವತ್ತಾರನೇ ವಯಸ್ಸಿಗೆ ಕಾಲೇಜು ಎಂದಾಗ ನನ್ನನ್ನು ಒಳಗೆ ಕರೆಯುವ ಬಾಗಿಲು ಒಂದೇ ಇತ್ತು.

ಅಮೆರಿಕದ ಮೊದಲ ಸಾರ್ವಜನಿಕ ಕಮ್ಯುನಿಟಿ ಕಾಲೇಜು ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾಯಿತು. ಕ್ಯಾಲಿಫೋರ್ನಿಯಾ ಅದನ್ನು ತನ್ನ ಇಡೀ ಉನ್ನತ ಶಿಕ್ಷಣದ ಬುನಾದಿ ಮಾಡಿಕೊಂಡಿತು. 1960ರ ಮಾಸ್ಟರ್ ಪ್ಲಾನ್ ಪ್ರಕಾರ ಹೈಸ್ಕೂಲಿನ ಮೇಲಿನ ಎಂಟನೇ ಒಂದು ಭಾಗದವರಿಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಮೇಲಿನ ಮೂರನೇ ಒಂದು ಭಾಗದವರಿಗೆ ಸ್ಟೇಟ್ ಯೂನಿವರ್ಸಿಟಿ, ಮಿಕ್ಕವರೆಲ್ಲರಿಗೂ ಕಮ್ಯುನಿಟಿ ಕಾಲೇಜು. ಎರಡು ವರ್ಷ ಓದಿದ ಮೇಲೆ ಅಲ್ಲಿಂದ ಮೇಲಿನ ಎರಡಕ್ಕೂ ಹೋಗಲು ದಾರಿ. ಇವತ್ತು ರಾಜ್ಯದಲ್ಲಿ ಇಂಥ 116 ಕಾಲೇಜುಗಳಿವೆ. ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್. ಸೇರಲು ಅಂಕ ಕೇಳುವುದಿಲ್ಲ, ವಯಸ್ಸು ಕೇಳುವುದಿಲ್ಲ, ಇಷ್ಟು ವರ್ಷ ಎಲ್ಲಿದ್ದೆ ಎಂದೂ ಕೇಳುವುದಿಲ್ಲ. ಆ ಕೊನೆಯ ಪ್ರಶ್ನೆ ಇಲ್ಲದ್ದೇ ನನಗೆ ದೊಡ್ಡದಾಗಿತ್ತು.

ಕಾನೂನು ನನ್ನ ತಲೆಗೆ ಹೊಕ್ಕಿದ್ದು ಪ್ರೀಸ್ಕೂಲಿನಲ್ಲಿ ನನ್ನ ಜೊತೆಗೆ ಕೆಲಸ ಮಾಡುತ್ತಿದ್ದವಳಿಂದ. ಒಂದು ಬುಧವಾರ ಮಕ್ಕಳ ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಅವಳು ಚೀಲದಿಂದ ಒಂದು ಕಾಗದದ ಕಟ್ಟು ತೆಗೆದು, ಇದನ್ನೊಂದು ಚೂರು ಓದಿ ಹೇಳುತ್ತೀಯಾ ಎಂದು ಕೊಟ್ಟಳು. ಎರಡು ತಿಂಗಳ ಬಾಡಿಗೆ ಬಾಕಿ ಇತ್ತು, ಮನೆ ಖಾಲಿ ಮಾಡಿಸುವ ಮೊಕದ್ದಮೆ. ಕಾಗದ ಕೈ ಸೇರಿ ಆಗಲೇ ಒಂಬತ್ತು ದಿನವಾಗಿತ್ತು. ಆಗ ಕ್ಯಾಲಿಫೋರ್ನಿಯಾದಲ್ಲಿ ಇಂಥ ಮೊಕದ್ದಮೆಗೆ ಉತ್ತರ ಸಲ್ಲಿಸಲು ಇದ್ದದ್ದು ಐದು ದಿನ. (2025ರಿಂದ ಅದು ಕೋರ್ಟಿನ ಹತ್ತು ಕೆಲಸದ ದಿನವಾಗಿದೆ.) ರಜೆ ಹಾಕಿ ಅವಳ ಜೊತೆ ಕೋರ್ಟಿನ ಸಹಾಯ ಕೇಂದ್ರಕ್ಕೆ ಹೋದೆ. ಅಲ್ಲಿದ್ದ ಹುಡುಗಿ ಕಂಪ್ಯೂಟರಿನಲ್ಲಿ ನೋಡಿ, ಎದುರು ಪಕ್ಷಕ್ಕೆ ಹಿಂದಿನ ದಿನವೇ ತೀರ್ಪು ಸಿಕ್ಕಿದೆ ಎಂದಳು. ಅಡುಗೆಮನೆಯ ಗೋಡೆಗೆ ಬೂಷ್ಟು ಹಿಡಿದಿತ್ತು, ಮಾಲೀಕರಿಗೆ ಆರು ಸಲ ಬರೆದಿದ್ದಳು, ಆ ಸಂದೇಶಗಳೆಲ್ಲ ಫೋನಿನಲ್ಲಿದ್ದವು. ಅದನ್ನೆಲ್ಲ ಹೇಳಿಕೊಳ್ಳಲು ಒಂದು ದಿನವಿತ್ತು, ಆ ದಿನ ದಾಟಿ ಹೋಗಿತ್ತು. ತಪ್ಪು ಯಾರದೆಂದು ಯಾರೂ ಕೇಳಲೇ ಇಲ್ಲ. ಅವಳು ಕಾಗದಗಳನ್ನು ಮತ್ತೆ ಅಂಚಿಗೆ ಅಂಚು ಸೇರಿಸಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಅದೇ ವಾರ ನಾನು ಕಾಲೇಜಿಗೆ ಹೆಸರು ಬರೆಸಿದೆ ಎಂದು ಹೇಳಿದರೆ ಚೆನ್ನಾಗಿರುತ್ತದೆ, ಆದರೆ ಅದಕ್ಕೆ ಇನ್ನೂ ಒಂದೂವರೆ ವರ್ಷ ಹಿಡಿಯಿತು.

2018ರ ಆಗಸ್ಟ್. ನಾನು ತೆಗೆದುಕೊಂಡದ್ದು ಒಂದೇ ಕೋರ್ಸು, ಬಿಸಿನೆಸ್ ಲಾ. ವಾರಕ್ಕೊಂದು ಸಂಜೆ, ಆರೂವರೆಯಿಂದ ಒಂಬತ್ತೂವರೆ. ಪಕ್ಕದಲ್ಲಿ ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ ಬಂದ ಒಬ್ಬಳು, ಹಿಂದೆ ಸೈನ್ಯದಿಂದ ಬಿಡುಗಡೆಯಾಗಿ ಬಂದ ಒಬ್ಬ, ಮುಂದಿನ ಸಾಲಿನಲ್ಲಿ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಾದ ಹುಡುಗ ಹುಡುಗಿಯರು. ಪಾಠ ಮಾಡುತ್ತಿದ್ದವರು ಹಗಲು ವಕೀಲಿ ಮಾಡಿ ಸಂಜೆ ಕ್ಲಾಸಿಗೆ ಬರುತ್ತಿದ್ದ ಹಿರಿಯರು. ಇಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನನ್ನ ಬಾಯಿಗೆ ಅದು ಬರಲಿಲ್ಲ, ಪ್ರೊಫೆಸರ್ ಅನ್ನುತ್ತಿದ್ದೆ. ಮನಸ್ಸಿನಲ್ಲಿ ಅವರು ಮೇಷ್ಟ್ರು.

ಮೂರನೇ ವಾರ ಅವರು ಲೂಸಿ ಮತ್ತು ಜೆಮರ್ ಕೇಸು ಹೇಳಿದರು. ವರ್ಜೀನಿಯಾದಲ್ಲಿ 1952ರ ಡಿಸೆಂಬರ್, ಕ್ರಿಸ್‌ಮಸ್‌ಗೆ ಐದು ದಿನ. ಲೂಸಿ ಎಂಬಾತ ಜೆಮರ್ ಎಂಬಾತನ ಹೋಟೆಲಿಗೆ ಬರುತ್ತಾನೆ. ಇಬ್ಬರೂ ಕುಡಿಯುತ್ತಾ ಕೂತಿದ್ದಾರೆ. ಜೆಮರನ ಫರ್ಗೂಸನ್ ಫಾರ್ಮ್ ಎಂಬ ಜಮೀನಿನ ಮಾತು ಬರುತ್ತದೆ, ನಾನೂರ ಎಪ್ಪತ್ತು ಎಕರೆಗೂ ಮೇಲೆ. ಐವತ್ತು ಸಾವಿರ ಡಾಲರಿಗೆ ಕೊಡುತ್ತೀಯಾ ಎಂದರೆ ಜೆಮರ್ ಹೋಟೆಲಿನ ಬಿಲ್ಲಿನ ಹಾಳೆ ತಿರುಗಿಸಿ ಹಿಂಬದಿಗೆ ಬರೆದುಕೊಡುತ್ತಾನೆ. ತಾನೂ ಹೆಂಡತಿಯೂ ಸಹಿ ಹಾಕುತ್ತಾರೆ. ಆಮೇಲೆ ನಾನು ಕುಡಿದಿದ್ದೆ, ತಮಾಷೆಗೆ ಬರೆದೆ ಅನ್ನುತ್ತಾನೆ. 1954ರಲ್ಲಿ ವರ್ಜೀನಿಯಾದ ಮೇಲಿನ ಕೋರ್ಟು, ಮನಸ್ಸಿನೊಳಗೆ ಏನಿತ್ತೆಂಬುದು ಬೇಡ, ಹೊರಗೆ ಕಂಡ ಮಾತು ಮತ್ತು ನಡತೆ ಏನು ಹೇಳುತ್ತದೆಂಬುದು ಮುಖ್ಯ ಎಂದು ಹೇಳಿ ಜಮೀನು ಲೂಸಿಗೆ ಕೊಡಿಸಿತು. ಅಮೆರಿಕದಲ್ಲಿ ಕರಾರು ಕಾನೂನು ಓದುವವರು ಈ ಬಿಲ್ಲಿನ ಚೀಟಿಯನ್ನು ಓದದೆ ಮುಂದೆ ಹೋಗುವುದಿಲ್ಲ.

ಮೇಷ್ಟ್ರು ತೀರ್ಪು ಸರಿಯೋ ತಪ್ಪೋ ಎಂದು ಕೇಳಿದರು. ನಾನು ಅಲ್ಲಿಯವರೆಗೆ ಬಾಯಿ ಬಿಟ್ಟವಳಲ್ಲ. ಅವತ್ತು ಕೈ ಎತ್ತಿದೆ. ನಮ್ಮ ಊರಿನಲ್ಲಿ ಇದರ ತಿರುಗುಮುರುಗು ಆಗಿತ್ತು ಎಂದೆ. ಅರವತ್ತು ವರ್ಷ ಉತ್ತ ಭೂಮಿಗೆ ಒಂದು ಚೀಟಿಯೂ ಇರಲಿಲ್ಲ.

ಮಾತು ಮುಗಿಸುವಾಗ ಗಂಟಲು ಕಟ್ಟಿತ್ತು. ಸಾಗರ ತಾಲ್ಲೂಕಿನಲ್ಲಿ ನನ್ನ ಅಜ್ಜನೂ ಅವನ ತಮ್ಮನೂ ಒಬ್ಬರೇ ಒಡೆಯರ ಗೇಣಿದಾರರು. ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಗದ್ದೆಗಿಳಿದು ಸತ್ಯಾಗ್ರಹ ಮಾಡಿದ ಸೀಮೆ ಅದು. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನು ಭೂಮಿಯ ಒಡೆತನ ಪಡೆಯಬೇಕಾದರೆ ಫಾರಂ ನಂಬರ್ 7 ತುಂಬಿ ಟ್ರಿಬ್ಯುನಲ್ಲಿಗೆ ಕೊಡಬೇಕು. ಊರಿನ ಬಾಯಲ್ಲಿ ಅದು "ಡಿಕ್ಲರೇಷನ್ ಹಾಕೋದು". ಅಜ್ಜ ಹಾಕಿದ. ಅವನಿಗೆ ಸಹಿ ಮಾಡಲು ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದ್ದ. ಚಿಕ್ಕಜ್ಜ ಹಾಕಲಿಲ್ಲ. "ಒಡೇರ ಮನೆ ಅನ್ನ ಉಂಡು ಅವರ ಮೇಲೆ ಹ್ಯಾಂಗೆ ಹಾಕದು?" ಅನ್ನುತ್ತಿದ್ದನಂತೆ. ಅರ್ಜಿಯ ದಿನ ಮುಂದೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ಅದರ ಮುಂದಿನ ಮಳೆಗಾಲದಲ್ಲಿ ಒಡೆಯರ ಮಗ ಗದ್ದೆ ಬಿಡಿಸಿಕೊಂಡ. ಚಿಕ್ಕಜ್ಜ ಆಮೇಲೆ ಸಾಯುವವರೆಗೂ ಅಣ್ಣನ ಗದ್ದೆಯಲ್ಲಿ ಕೂಲಿಗೆ ಬಂದ. ಇಬ್ಬರ ಗದ್ದೆಗೂ ನಡುವೆ ಒಂದು ಅಂಚು, ಅಷ್ಟೇ. ಕೋರ್ಟು ಕಚೇರಿಯಲ್ಲಿ ಕೊಟ್ಟ ದಿನಕ್ಕೆ ನಮ್ಮ ಕಡೆ ವಾಯಿದೆ ಅನ್ನುತ್ತಾರೆ. ಅಮ್ಮನ ಬಾಯಲ್ಲಿ ಆ ಮಾತು ಬಂದಾಗಲೆಲ್ಲ ಅವಳ ದನಿ ಸ್ವಲ್ಪ ತಗ್ಗುತ್ತಿತ್ತು.

ಮೇಷ್ಟ್ರು ನನ್ನ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಬೋರ್ಡಿನ ಕಡೆ ತಿರುಗಿ ಚೀಟಿ ಇದ್ದವನು, ಚೀಟಿ ಇಲ್ಲದವನು, ದಿನ ಮೀರಿದವನು ಎಂದು ಮೂರು ಕಾಲಂ ಬರೆದು, ಮಿಕ್ಕ ಒಂದು ಗಂಟೆ ಅದನ್ನೇ ಪಾಠ ಮಾಡಿದರು. ಕಾಲಮಿತಿ ಎಂಬುದು ಏಕೆ ಬಂತು, ಅದಿಲ್ಲದೆ ಯಾವ ಆಸ್ತಿಗೂ ಯಾವ ಮಾತಿಗೂ ಕೊನೆಯೇ ಇರುವುದಿಲ್ಲ ಎಂಬುದನ್ನೂ ಹೇಳಿದರು. ಅದು ನ್ಯಾಯವೇ ಎಂದು ಸೈನ್ಯದಿಂದ ಬಂದವನು ಕೇಳಿದ. ಅದನ್ನು ಕೇಳುವವರು ಕೋರ್ಟಿನೊಳಗೆ ಬೇಕು, ನೀವು ಯಾರಾದರೂ ಹೋಗಿ ಎಂದರು. ಅವತ್ತು ರಾತ್ರಿ ಕಾರಿನಲ್ಲಿ ಕೂತು ಹತ್ತು ನಿಮಿಷ ಕೀಲಿ ತಿರುಗಿಸಲಿಲ್ಲ.

ನವೆಂಬರ್ 9, ಶುಕ್ರವಾರ ಬೆಳಗ್ಗೆ ತಮ್ಮನ ಫೋನು. ಅಮ್ಮನಿಗೆ ಪಾರ್ಶ್ವವಾಯು. ಮಾರನೆಯ ದಿನವೇ ವಿಮಾನ ಹತ್ತಿದೆ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಅಮ್ಮನ ಬಲಗೈ ಹಿಡಿದುಕೊಂಡರೆ ಅದು ತಿರುಗಿ ಹಿಡಿಯುತ್ತಿರಲಿಲ್ಲ, ಎಡಗೈ ಹಿಡಿಯುತ್ತಿತ್ತು. ಹಾಗಾಗಿ ಇಪ್ಪತ್ತು ದಿನ ಮಂಚದ ಎಡಕ್ಕೇ ಕೂತೆ. ಡಿಸೆಂಬರ್ 2ಕ್ಕೆ ಹೋದಳು. ಕೋರ್ಸಿನಿಂದ ಹಿಂದೆ ಸರಿಯಲು ನವೆಂಬರ್ 16ರವರೆಗೆ ಅವಕಾಶವಿತ್ತು. ಕಾಲೇಜಿನ ಪೋರ್ಟಲ್ಲಿಗೆ ಹೋಗಿ ಎರಡು ಸಲ ಒತ್ತಿದ್ದರೆ ಅಂಕಪಟ್ಟಿಯಲ್ಲಿ ಡಬ್ಲ್ಯು ಬೀಳುತ್ತಿತ್ತು, ಅದು ಯಾವ ಸರಾಸರಿಗೂ ಸೇರುವುದಿಲ್ಲ. ಆಸ್ಪತ್ರೆಯಲ್ಲಿ ನನ್ನ ಫೋನಿಗೆ ಇಂಟರ್ನೆಟ್ ಇತ್ತು. ಆರು ದಿನವೂ ಇತ್ತು. ನೆನಪಾಗಲಿಲ್ಲ. ಮನೆಯವರ ಕಾಯಿಲೆ ಸಾವುಗಳಿಗೆಂದು ದಿನ ಮುಗಿದ ಮೇಲೂ ಅರ್ಜಿ ಕೊಟ್ಟು ಪಡೆಯಬಹುದಾದ ಇನ್ನೊಂದು ಬಗೆಯ ವಿನಾಯಿತಿ ಇದೆ ಎಂಬುದು ತಿಳಿದದ್ದು ಕೋವಿಡ್ ಕಾಲದಲ್ಲಿ ಎಲ್ಲರೂ ಅದನ್ನು ಪಡೆಯುತ್ತಿದ್ದಾಗ. ಅಷ್ಟರಲ್ಲಿ ಕೋರ್ಸನ್ನೇ ಮರಳಿ ಓದಿ ಆಗಿತ್ತು.

ಜನವರಿಯಲ್ಲಿ ವಾಪಸು ಬಂದು ಗ್ರೇಡು ನೋಡಿದಾಗ ನನಗೆ ಕಂಡದ್ದು ಚಿಕ್ಕಜ್ಜನ ಮುಖ. ಇನ್ನು ಸಾಕು ಎಂದೇ ಇದ್ದೆ. ಯಾಕೆ ಬರುತ್ತಿಲ್ಲ ಎಂದು ಮೇಷ್ಟ್ರು ನವೆಂಬರಿನಲ್ಲೇ ಎರಡು ಮೇಲ್ ಬರೆದಿದ್ದರು, ಅದನ್ನು ಓದಿದ್ದೂ ಆಗಲೇ. ಹೋಗಿ ನಡೆದದ್ದನ್ನು ಹೇಳಿದೆ. ಕೊಟ್ಟ ಗ್ರೇಡು ಬದಲಿಸಲು ತಮಗೆ ಬರುವುದಿಲ್ಲ, ಬಂದರೂ ನನ್ನೊಬ್ಬಳಿಗೆ ಬದಲಿಸುವುದು ಸರಿಯಲ್ಲ ಎಂದರು. "ಮೊದಲ ಸಾಲಿನಲ್ಲಿ ಒಂದು ಜಾಗ ಇಟ್ಟಿರುತ್ತೇನೆ, ಮತ್ತೆ ಬನ್ನಿ." ಹೋದೆ. ಲೂಸಿ ಮತ್ತು ಜೆಮರನನ್ನು ಎರಡನೇ ಸಲ ಕೇಳಿದೆ. ಎರಡನೇ ಸಲ ಕೇಳಿದಾಗ ಜೆಮರನ ಹೆಂಡತಿ ಕಂಡಳು. ಮೊದಲು ಸಹಿ ಹಾಕುವುದಿಲ್ಲ ಅಂದವಳು, ತಮಾಷೆಗೆ ಎಂದು ಗಂಡ ಪಿಸುಗುಟ್ಟಿದ ಮೇಲೆ ಹಾಕಿದವಳು. ಅವಳ ಬಗ್ಗೆ ನಾಲ್ಕು ಪುಟ ಬರೆದೆ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಸೆಮಿಸ್ಟರಿಗೆ ಎರಡು ಕೋರ್ಸು, ಮೂರು ಕೋರ್ಸು. ಕೋವಿಡ್ ಬಂದಾಗ ಮೂವರೂ ಒಂದೇ ಮೇಜಿನ ಮೂರು ಕಡೆ ಕೂತು ಓದಿದೆವು, ನಾನೂ ಮಕ್ಕಳೂ. ಕಮ್ಯುನಿಟಿ ಕಾಲೇಜಿನಲ್ಲಿ ವರ್ಗಾವಣೆಗೆಂದೇ ರೂಪಿಸಿದ ಅಸೋಸಿಯೇಟ್ ಪದವಿ ಮುಗಿಸಿದವರಿಗೆ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಮೂರನೇ ವರ್ಷಕ್ಕೆ ಜಾಗ ಖಚಿತ. 2010ರಲ್ಲಿ ಬಂದ ಒಂದು ರಾಜ್ಯ ಕಾನೂನಿನ ಫಲ ಅದು. ಹಾಗೆ 2022ರಲ್ಲಿ ಸ್ಯಾನ್ ಹೋಸೆ ಸ್ಟೇಟ್ ಸೇರಿದೆ. ದೊಡ್ಡ ಕಟ್ಟಡ, ದೊಡ್ಡ ಕ್ಲಾಸು, ಮೊದಲ ಸೆಮಿಸ್ಟರಿನಲ್ಲಿ ಎರಡು ಬಿ. ವರ್ಗಾವಣೆಯಾಗಿ ಬಂದ ಬಹಳ ಜನಕ್ಕೆ ಹೀಗಾಗುತ್ತದೆ. ಉಳಿದವರು ಎರಡು ವರ್ಷ ಅಲ್ಲೇ ಬೇರೂರಿದವರು. ನಾವು ನಾಟಿ ಮಾಡಿದ ಸಸಿಗಳ ಹಾಗೆ ಮೊದಲ ಹತ್ತು ದಿನ ಬಾಡಿ ಆಮೇಲೆ ಎದ್ದೇಳಬೇಕು.

ಎಲ್‌ಸ್ಯಾಟ್ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. 120ರಿಂದ 180ರವರೆಗಿನ ಅಂಕ. 35 ನಿಮಿಷಗಳ ನಾಲ್ಕು ಭಾಗ, ಅದರಲ್ಲಿ ಒಂದು ಲೆಕ್ಕಕ್ಕಿಲ್ಲ, ಯಾವುದೆಂದು ಹೇಳುವುದಿಲ್ಲ. ಲಾಜಿಕ್ ಗೇಮ್ಸ್ ಎಂದು ಎಲ್ಲರನ್ನೂ ಹೆದರಿಸುತ್ತಿದ್ದ ಭಾಗವನ್ನು 2024ರ ಆಗಸ್ಟಿನಿಂದ ತೆಗೆದರು. ಉಳಿದದ್ದು ಓದಿ ಅರ್ಥ ಮಾಡಿಕೊಳ್ಳುವುದು ಮತ್ತು ವಾದದ ಎಳೆ ಬಿಡಿಸುವುದು. ಕಾನೂನಿನ ಒಂದು ಅಕ್ಷರವೂ ಅಲ್ಲಿಲ್ಲ. ನನ್ನನ್ನು ಆರು ತಿಂಗಳು ಸತಾಯಿಸಿದ್ದು ಒಂದು ಪುಟ್ಟ ಪದ, ಅನ್‌ಲೆಸ್. ಯಾವುದು ಸಾಕು, ಯಾವುದು ಇಲ್ಲದಿದ್ದರೆ ಆಗದು ಎಂಬ ಎರಡನ್ನೂ ಗೊತ್ತಿಲ್ಲದೆ ಅದಲುಬದಲು ಮಾಡುತ್ತಿದ್ದೆ. ಬಾಣದ ಗುರುತು ಹಾಕಿ ಕಲಿಸುವ ಪುಸ್ತಕಗಳು ಎರಡು ಮುಗಿದವು. ಒಂದು ಬೆಳಗ್ಗೆ ಪಾತ್ರೆ ತೊಳೆಯುವಾಗ ಅದನ್ನು ಕನ್ನಡದಲ್ಲಿ ಹೇಳಿಕೊಂಡೆ. ಮಳೆ ಬರದೆ ನೆಟ್ಟಿ ಇಲ್ಲ. ನೆಟ್ಟಿ ಆಗಿದೆಯೆಂದರೆ ಮಳೆ ಬಂದಿದೆ. ಮಳೆ ಬಂತೆಂದ ಮಾತ್ರಕ್ಕೆ ನೆಟ್ಟಿ ಆಗಿಬಿಡುವುದಿಲ್ಲ, ಸಸಿ ಬೇಕು, ಆಳು ಬೇಕು. ಗದ್ದೆ ಇರುವ ಮನೆಯಲ್ಲಿ ಹುಟ್ಟಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಸಿಂಕಿನಲ್ಲಿ ಬಿಟ್ಟು ಬಂದು ಹಿಂದಿನ ದಿನ ತಪ್ಪಿದ ಹನ್ನೊಂದು ಪ್ರಶ್ನೆಗಳಿಗೆ ಕೂತೆ. ಒಂಬತ್ತು ಸರಿಯಾದವು. ಆಮೇಲೆ ಪರೀಕ್ಷೆಯಲ್ಲಿ ಅನ್‌ಲೆಸ್ ಕಂಡಲ್ಲೆಲ್ಲ ನನಗೆ ಕಂಡದ್ದು ಕೆಸರು.

ಹಣದ ಮಾತೂ ಇದೆ. ಪರೀಕ್ಷೆಗೆ ಇನ್ನೂರು ಡಾಲರಿನ ಮೇಲೆ, ಅಂಕಪಟ್ಟಿಗಳ ಸೇವೆಗೆ ಹತ್ತಿರ ಹತ್ತಿರ ಅಷ್ಟೇ, ಪ್ರತಿ ಲಾ ಸ್ಕೂಲಿಗೆ ವರದಿ ಕಳಿಸಲು ಬೇರೆ, ಅರ್ಜಿ ಶುಲ್ಕ ಬೇರೆ. ಆದಾಯ ಕಡಿಮೆ ಇರುವವರಿಗೆ ಎಲ್‌ಎಸ್‌ಎಸಿ ಇದನ್ನು ಬಹುಮಟ್ಟಿಗೆ ಮನ್ನಾ ಮಾಡುತ್ತದೆ, ಅದಕ್ಕೂ ಅರ್ಜಿ ಹಾಕಬೇಕು. ಕಮ್ಯುನಿಟಿ ಕಾಲೇಜಿನಿಂದ ಬಂದ ನನ್ನ ಗೆಳತಿಯರಲ್ಲಿ ಇಬ್ಬರಿಗೆ ಅದು ಇದೆಯೆಂದೇ ಗೊತ್ತಿರಲಿಲ್ಲ. ಇಂಥ ಮಾತು ಯಾರ ಮನೆಯಲ್ಲಿ ವಕೀಲರಿದ್ದಾರೋ ಅವರ ಮಕ್ಕಳಿಗೆ ಊಟದ ಹೊತ್ತಿಗೇ ತಿಳಿದಿರುತ್ತದೆ. ನಮಗೆ ಯಾರಾದರೂ ಕರೆದು ಹೇಳಬೇಕು. 2014ರಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಕಮ್ಯುನಿಟಿ ಕಾಲೇಜುಗಳಿಗೂ ಆರು ಲಾ ಸ್ಕೂಲುಗಳಿಗೂ ನಡುವೆ ಒಂದು ಹಾದಿ ಹಾಕಿದರು. ಮಾರ್ಗದರ್ಶನ, ಲಾ ಸ್ಕೂಲಿನ ಭೇಟಿ, ಇಂಥವು. ಆ ಹಾದಿ ಇನ್ನೂ ಅಗಲವಾಗಬೇಕು ಎಂದು ನಾನು ಮನಸಾರೆ ಬಯಸುತ್ತೇನೆ. ಕ್ಯಾಲಿಫೋರ್ನಿಯಾದ ಮುಖ್ಯ ನ್ಯಾಯಮೂರ್ತಿಯಾಗಿ 2011ರಿಂದ 2023ರ ಆರಂಭದವರೆಗೆ ಇದ್ದ ತಾನಿ ಕ್ಯಾಂಟಿಲ್-ಸಕಾಉಯೆ ಓದು ಶುರು ಮಾಡಿದ್ದು ಸ್ಯಾಕ್ರಮೆಂಟೊ ಸಿಟಿ ಕಾಲೇಜಿನಲ್ಲಿ. ಅಲ್ಲಿಂದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಡೇವಿಸ್ ಕ್ಯಾಂಪಸ್ಸಿಗೆ ವರ್ಗಾವಣೆ, ಅಲ್ಲೇ ಕಾನೂನು ಪದವಿ. ಮೇಷ್ಟ್ರು ಇದನ್ನು ಮೊದಲ ದಿನವೇ ಹೇಳಿದ್ದರು. ನೀಲಿ ಬಟ್ಟೆಯವಳು ಅದನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದುಕೊಂಡದ್ದು ನನಗೆ ನೆನಪಿದೆ.

ಶಿಫಾರಸು ಪತ್ರ ಯಾರನ್ನು ಕೇಳುವುದು ಎಂಬಲ್ಲಿ ಎಲ್ಲರೂ ಒಂದೇ ಬುದ್ಧಿವಾದ ಹೇಳಿದರು. ಯೂನಿವರ್ಸಿಟಿಯ ಪ್ರೊಫೆಸರನ್ನು ಕೇಳು, ಕಮ್ಯುನಿಟಿ ಕಾಲೇಜಿನವರ ಪತ್ರಕ್ಕೆ ತೂಕ ಕಡಿಮೆ. ಒಂದು ಪತ್ರ ಯೂನಿವರ್ಸಿಟಿಯವರಿಂದ ತಗೊಂಡೆ. ಎರಡನೆಯದಕ್ಕೆ ನನಗೆ ಎಫ್ ಕೊಟ್ಟವರ ಹತ್ತಿರವೇ ಹೋದೆ. ಆ ಎಫ್ ಏನೆಂದು ಜಗತ್ತಿನಲ್ಲಿ ಹೇಳಬಲ್ಲವರು ಅವರೊಬ್ಬರೇ.

ಗ್ರೇಡಿನ ವಿವರಣೆಗೆಂದು ಅರ್ಜಿಯ ಜೊತೆ ಬೇರೆ ಒಂದು ಟಿಪ್ಪಣಿ ಇಡಬಹುದು. ನಾನು ಮೂರು ಪುಟ ಬರೆದಿದ್ದೆ. ಅಮ್ಮನ ಎಡಗೈ, ಶಿವಮೊಗ್ಗದ ಆಸ್ಪತ್ರೆಯ ಹಸಿರು ಗೋಡೆ, ಅಜ್ಜ, ಚಿಕ್ಕಜ್ಜ, ಎಲ್ಲ ಇತ್ತು. ಮೇಷ್ಟ್ರು ಓದಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ಪೆನ್ನು ತೆಗೆದು, ದಿನಾಂಕ ಇರುವ ವಾಕ್ಯಗಳ ಕೆಳಗೆ ಮಾತ್ರ ಗೆರೆ ಎಳೆದರು. ಇಷ್ಟು ಸಾಕು ಎಂದರು. ಕೊನೆಗೆ ಉಳಿದದ್ದು ಇದು: 2018ರ ನವೆಂಬರ್ 9ರಂದು ನನ್ನ ತಾಯಿಗೆ ಪಾರ್ಶ್ವವಾಯುವಾಯಿತು. 10ರಂದು ಭಾರತಕ್ಕೆ ಹೊರಟೆ. ಕೋರ್ಸಿನಿಂದ ಹಿಂದೆ ಸರಿಯಲು 16ರವರೆಗೆ ಅವಕಾಶವಿತ್ತು, ನಾನು ಸರಿಯಲಿಲ್ಲ. ಡಿಸೆಂಬರ್ 2ರಂದು ತಾಯಿ ತೀರಿಕೊಂಡರು. ಮರುವರ್ಷ ಅದೇ ಕೋರ್ಸನ್ನು ಅದೇ ಅಧ್ಯಾಪಕರಲ್ಲಿ ಓದಿ ಎ ಪಡೆದೆ.

ಮೂರು ಪುಟ ಐದಾರು ಸಾಲಿಗೆ ಇಳಿದಾಗ ಅಮ್ಮನನ್ನು ಇನ್ನೊಂದು ಸಲ ಕಳೆದುಕೊಂಡ ಹಾಗೆ ಆಯಿತು. ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ಮತ್ತೆ ಓದಿದಾಗ ಆ ಸಾಲುಗಳ ಬಲ ಗೊತ್ತಾಯಿತು. "ನಾನು ಸರಿಯಲಿಲ್ಲ" ಎಂಬಲ್ಲಿ ಯಾವ ನೆಪವೂ ಇರಲಿಲ್ಲ. ಆ ಮಾತು ಹಾಗೆ ಒಂಟಿಯಾಗಿ ನಿಂತಿದ್ದರಿಂದ ಮುಂದಿನದನ್ನು ಯಾರಾದರೂ ನಂಬುತ್ತಾರೆ. ಅಜ್ಜನ ಟ್ರಂಕಿನಲ್ಲಿರುವ ಟ್ರಿಬ್ಯುನಲ್ ಆದೇಶವೂ ಇಷ್ಟೇ ಉದ್ದ. ಸರ್ವೆ ನಂಬರು, ಎಕರೆ, ಗುಂಟೆ, ದಿನಾಂಕ. ಅವನ ಅರವತ್ತು ವರ್ಷದ ಬೆವರು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಚಿಕ್ಕವಳಿದ್ದಾಗ ಅಮ್ಮ ವರ್ಷಕ್ಕೊಮ್ಮೆ ಅದನ್ನು ಬಿಸಿಲಿಗೆ ಹಾಕಿ, ಹಾರಿಹೋಗದ ಹಾಗೆ ನಾಲ್ಕು ಮೂಲೆಗೂ ನಾಲ್ಕು ಅಡಿಕೆ ಇಟ್ಟು, ನನ್ನನ್ನು ಕಾವಲಿಗೆ ಕೂರಿಸುತ್ತಿದ್ದಳು.

ಪರ್ಸನಲ್ ಸ್ಟೇಟ್‌ಮೆಂಟ್ ಎಂಬ ಎರಡು ಪುಟದ ಬರಹದಲ್ಲಿ ನಾನು ಕಮ್ಯುನಿಟಿ ಕಾಲೇಜಿನಿಂದ ಶುರು ಮಾಡಿದೆ. ಯೂನಿವರ್ಸಿಟಿಯಿಂದ ಶುರು ಮಾಡು, ಅದು ಗಟ್ಟಿಯಾಗಿ ಕಾಣುತ್ತದೆ ಎಂದು ಮನೆಯವರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಕೋರ್ಟಿಗೆ ಬರುವವರಲ್ಲಿ ಎಷ್ಟೋ ಜನ ವಾಯಿದೆ ಮೀರಿದವರು, ಇಲ್ಲವೇ ಮೀರುವ ಅಂಚಿನಲ್ಲಿರುವವರು. ಅವರ ಪಕ್ಕದಲ್ಲಿ ನಿಂತು ಮಾತಾಡುವವರಲ್ಲಿ ಕೆಲವರಾದರೂ ಆ ಸಂಜೆಯ ಕ್ಲಾಸಿನಿಂದ ಬಂದಿರಬೇಕು. ಅದನ್ನೇ ಬರೆದೆ. ಪ್ರತಿ ಕಾಲೇಜನ್ನೂ ಬರೆಯಿರಿ, ಪ್ರತಿ ಗ್ರೇಡನ್ನೂ ತೋರಿಸಿ ಎಂಬ ನಿಯಮದ ಮೇಲೆ ಅಕ್ಟೋಬರಿನ ಆ ರಾತ್ರಿ ಇದ್ದ ಸಿಟ್ಟು ಈಗ ಇಲ್ಲ. ಅದು ಇಲ್ಲದಿದ್ದರೆ ನನ್ನ ಕಡತದಲ್ಲಿ ಆ ಕಾಲೇಜೇ ಇರುತ್ತಿರಲಿಲ್ಲ, 60 ಯೂನಿಟ್ ಎಂಬ ಒಂದು ಸಾಲಿನೊಳಗೆ ಮೇಷ್ಟ್ರೂ ನೀಲಿ ಬಟ್ಟೆಯವಳೂ ಮುಚ್ಚಿಹೋಗುತ್ತಿದ್ದರು.

ಮನೆಯಿಂದ ಕಾರಿನಲ್ಲಿ ಹೋಗಿ ಬರಬಹುದಾದ ನಾಲ್ಕು ಕಡೆಗೆ ಅಕ್ಟೋಬರ್ ಕೊನೆಗೆ ಅರ್ಜಿ ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ. ಒಂದೊಂದಾಗಿ ನೋಡುತ್ತಾ ಹೋಗುತ್ತಾರೆ, ಏಪ್ರಿಲ್‌ವರೆಗೂ ಆಗಬಹುದು.

ಹೋದ ತಿಂಗಳು, ನವೆಂಬರಿನ ಎರಡನೇ ವಾರ, ರಾತ್ರಿ ಒಂಬತ್ತಕ್ಕೆ ಒಂದು ಫೋನು ಬಂತು. ಕನ್ನಡ ಕೂಟದ ಯುಗಾದಿ ಊಟದಲ್ಲಿ ಪರಿಚಯವಾದ ಹುಡುಗಿ, ದಾವಣಗೆರೆಯ ಕಡೆಯವಳು, ಮದುವೆಯಾಗಿ ಬಂದು ಎರಡು ವರ್ಷ. ನಾನು ಹೇಳಿದ್ದಕ್ಕೇ ಆ ಸೆಮಿಸ್ಟರ್ ಕಮ್ಯುನಿಟಿ ಕಾಲೇಜು ಸೇರಿದ್ದಳು, ಎರಡು ಕೋರ್ಸು. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಿಂದ ಮಾತಾಡುತ್ತಿದ್ದಳು. ಅಪ್ಪನಿಗೆ ಎದೆನೋವು, ಐಸಿಯುನಲ್ಲಿದ್ದಾರೆ, ಹೊರಟಿದ್ದೇನೆ ಆಂಟಿ, ನಿಮಗೆ ಹೇಳಿ ಹೋಗೋಣ ಅನಿಸಿತು ಎಂದಳು. ಅಳುತ್ತಿದ್ದಳು.

"ಸೆಕ್ಯೂರಿಟಿ ಸಾಲು ಎಷ್ಟು ಉದ್ದ ಇದೆ ಪುಟ್ಟಾ?" ಎಂದೆ.

"ಉದ್ದ ಇದೆ ಆಂಟಿ. ಯಾಕೆ?"

"ಫೋನು ಸ್ಪೀಕರಿಗೆ ಹಾಕು. ಕಾಲೇಜಿನ ಪೋರ್ಟಲ್ ತೆಗಿ. ಪಾಸ್‌ವರ್ಡ್ ನೆನಪಿದೆಯಾ?"

ಒಂದು ಸಲ ತಪ್ಪಿದಳು. ಎರಡನೇ ಸಲ ತೆರೆಯಿತು. ಎಲ್ಲಿ ಒತ್ತಬೇಕೆಂದು ನಾನು ಹೇಳುತ್ತಾ ಹೋದೆ. ಅವಳು ಚೀಲವನ್ನು ಕಾಲಿನಿಂದ ಮುಂದಕ್ಕೆ ತಳ್ಳುತ್ತಿದ್ದ ಸದ್ದು ಕೇಳುತ್ತಿತ್ತು, ಹಿಂದೆ ಯಾರೋ ಏನೋ ಕೂಗುತ್ತಿದ್ದರು. ಮೊದಲ ಕೋರ್ಸು ಆಯಿತು. ಎರಡನೆಯದಕ್ಕೆ ಪುಟ ತಿರುಗುತ್ತಾ ನಿಂತಿತು. ಕಾಯೋಣ, ನಾನು ಇಲ್ಲೇ ಇದ್ದೀನಿ ಎಂದೆ. ಕೊನೆಯ ದಿನಕ್ಕೆ ಇನ್ನೂ ಮೂರು ದಿನವಿತ್ತು. ಆದರೂ ಎದ್ದು ನಿಂತಿದ್ದೆ, ಕುರ್ಚಿಯ ಬೆನ್ನು ಹಿಡಿದುಕೊಂಡು.

"ಬಂತು ಆಂಟಿ," ಎಂದಳು. "ಎರಡಕ್ಕೂ ಡಬ್ಲ್ಯು ಬಿತ್ತು."

"ಸರಿ ಪುಟ್ಟಾ," ಎಂದೆ. "ಈಗ ಅಪ್ಪನ ಹತ್ತಿರ ಹೋಗು."